ಅಂಗಳದಲ್ಲಿ ಬಿದ್ದ ಹಸಿರು ಹನಿ

ಬೆಳಗ್ಗೆ ಎದ್ದು ಅಂಗಳ ಗುಡಿಸಿ, ಸಗಣಿನೀರು ಚಿಮುಕಿಸಿ, ನಾಲ್ಕೆಳೆ ರಂಗೋಲಿ ಹಾಕುವುದು ನನ್ನ ಪಾಲಿನ ಕೆಲಸ. 1999ರಲ್ಲಿ ಮದುವೆಯಾಗಿ ಹೊಸನಗರ ತಾಲ್ಲೂಕಿನ ಈ ಮನೆಗೆ ಬಂದಂದಿನಿಂದ, ಬಾಣಂತನದ ದಿನಗಳನ್ನು ಬಿಟ್ಟರೆ, ಅದು ತಪ್ಪಿದ್ದು ಕಡಿಮೆ. ಅಂಗಳ ಗುಡಿಸುವವಳಿಗೆ ಮನೆಯ ಸುದ್ದಿಯೆಲ್ಲ ಮೊದಲು ತಿಳಿಯುತ್ತದೆ. ರಾತ್ರಿ ಹಂದಿ ಬಂದಿತ್ತೋ, ಮಂಗ ಎಷ್ಟು ಎಳೆಗಾಯಿ ಉದುರಿಸಿದೆ, ಯಾರ ಮನೆಯ ದನ ಬೇಲಿ ಹಾರಿದೆ, ಎಲ್ಲವೂ ನೆಲದ ಮೇಲೆ ಬರೆದಿಟ್ಟ ಹಾಗೆ ಕಾಣುತ್ತದೆ. ನಮ್ಮ ಕಾರಿಗೆ ಕಾಯಿಲೆ ಬಂದದ್ದೂ ಮೊದಲು ಗೊತ್ತಾದದ್ದು ನನಗೇ. ಆದರೆ ಗೊತ್ತಾಗುವುದೇ ಬೇರೆ, ಹೇಳುವುದೇ ಬೇರೆ, ಹೇಳಿದ್ದನ್ನು ಕೇಳುವವರು ಇರುವುದೇ ಬೇರೆ. ಆ ಕಥೆಯನ್ನೇ ಇವತ್ತು ಬರೆಯಲು ಕೂತಿದ್ದೇನೆ.

"ಕಾರಿನ ಎಂಜಿನ್ನಿನ ವಿಷಯ ಹೆಂಗಸರ ಪತ್ರಿಕೆಯಲ್ಲಿ ಎಂತಕ್ಕೆ?" ಎಂದು ಕೇಳುವವರು ಇರಬಹುದು. ನಮ್ಮ ಮಲೆನಾಡಿನ ಮನೆಗಳನ್ನು ನೋಡಿದವರು ಹಾಗೆ ಕೇಳಲಾರರು. ಇಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಗುಡ್ಡ, ಹಳ್ಳ, ಕಾಡು. ಬಸ್ಸು ದಿನಕ್ಕೆರಡು ಸಲ ಬಂದರೆ ದೊಡ್ಡದು. ಹೆರಿಗೆಗೆ, ಹಾವು ಕಚ್ಚಿದರೆ, ಮಕ್ಕಳ ಪರೀಕ್ಷೆಗೆ, ಎಲ್ಲದಕ್ಕೂ ಆ ನಾಲ್ಕು ಚಕ್ರವೇ ಗತಿ. ಅದು ನಿಂತರೆ ಮನೆಯೇ ನಿಂತ ಹಾಗೆ.

ನಾನು ಚಿಕ್ಕವಳಿದ್ದಾಗ ಕಾರು ಎಂದರೆ ಶ್ರೀಮಂತರ ಮಾತು. ನನ್ನ ತವರು ತೀರ್ಥಹಳ್ಳಿ ಕಡೆ. ಮದುವೆ ದಿಬ್ಬಣವೋ, ಆಸ್ಪತ್ರೆಯೋ ಎಂದು ಬಾಡಿಗೆ ಟ್ಯಾಕ್ಸಿಯಲ್ಲಿ ಆಗುಂಬೆ ಘಾಟಿ ಹತ್ತಿ ಬರುವಾಗ, ಹದಿನಾಲ್ಕು ತಿರುವುಗಳ ಪೈಕಿ ಯಾವುದಾದರೂ ಒಂದರಲ್ಲಿ ಗಾಡಿ ನಿಂತು ಬುಸುಗುಡುವುದು ಮಾಮೂಲಿ. ಡ್ರೈವರ್ ಬಾನೆಟ್ ಎತ್ತಿ ಬೀಡಿ ಹಚ್ಚುತ್ತಿದ್ದ. ನಾವು ಮಕ್ಕಳು ಮಂಗಗಳಿಗೆ ಕಡಲೆ ಎಸೆಯುತ್ತಿದ್ದೆವು. ಅದು ಎಂಜಿನ್ನಿಗೆ ಬಂದ ಜ್ವರ ಎಂದು ನಮಗೆ ಯಾರು ಹೇಳಬೇಕು? 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಮೂರು ಸಿಲಿಂಡರಿನ, 796 ಸಿ.ಸಿ.ಯ ಆ ಪುಟ್ಟ ಕಾರಿನಿಂದಾಗಿ ಮೇಷ್ಟರೂ, ಬ್ಯಾಂಕಿನವರೂ, ತೋಟದವರೂ ಕಾರಿನ ಕನಸು ಕಾಣುವಂತಾಯಿತು. 2014ರಲ್ಲಿ ಅದರ ತಯಾರಿಕೆ ನಿಂತರೂ ಅದರ ಹಿಂದೆ ಬಂದ ಚಿಕ್ಕ ಕಾರುಗಳು ಎಷ್ಟೋ. ಅಂಥದೇ ಒಂದು ಚಿಕ್ಕ ಪೆಟ್ರೋಲ್ ಕಾರನ್ನು ನಾವು 2012ರಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆವು. ಕಂಪನಿಯ ಹೆಸರು ಬೇಡ. ತಪ್ಪು ಕಾರಿನದಲ್ಲ, ನಮ್ಮದು.

ನನ್ನ ಅಪ್ಪಯ್ಯನ ತೋಟದಲ್ಲಿ ಹಳ್ಳದ ಪಕ್ಕ ಒಂದು ಡೀಸೆಲ್ ಪಂಪ್‌ಸೆಟ್ ಇತ್ತು. ಬೇಸಿಗೆಯಲ್ಲಿ ಅಡಿಕೆ ತೋಟಕ್ಕೆ ನೀರು ಬಿಡುವಾಗ ಅಪ್ಪಯ್ಯ ಮನೆಯ ಜಗಲಿಯಲ್ಲಿ ಕೂತೇ ಅದರ ಸದ್ದು ಕೇಳುತ್ತಿದ್ದರು. ಎಲೆಯಡಿಕೆ ಹಾಕುತ್ತಿದ್ದವರು ತಟ್ಟನೆ ಎದ್ದು, "ಅದಕ್ಕೆ ನೀರು ಸಾಲ್ತಾ ಇಲ್ಲ" ಎಂದು ಓಡುತ್ತಿದ್ದರು. ನಮಗೆ ಒಂದೇ ಸಮ ಡಬ ಡಬ ಎಂದು ಕೇಳುವುದು ಅವರಿಗೆ ಬೇರೆಯಾಗಿ ಕೇಳುತ್ತಿತ್ತು. "ಎಂಜಿನ್ನು ಬಾಯಿಲ್ಲದ ದನ ಇದ್ದ ಹಾಗೆ ಮಗಾ. ಅದು ಹೇಳೋದು ಹೇಳ್ತದೆ, ನಾವು ಕೇಳಬೇಕು ಅಷ್ಟೆ" ಎನ್ನುತ್ತಿದ್ದರು. ಎಸ್ಸೆಸ್ಸೆಲ್ಸಿವರೆಗೆ ಓದಿದ ನನಗೆ ಪುಸ್ತಕದ ವಿಜ್ಞಾನ ಮರೆತುಹೋಯಿತು, ಈ ಮಾತು ಮರೆಯಲಿಲ್ಲ.

2017ರ ಮಾರ್ಚ್ ತಿಂಗಳು. ಒಂದು ಬೆಳಗ್ಗೆ ಅಂಗಳ ಗುಡಿಸುತ್ತಿದ್ದಾಗ ಕಾರಿನ ಮುಂಭಾಗದ ಕೆಳಗೆ ನಾಲ್ಕಾಣೆಯಷ್ಟು ಅಗಲದ ಹಸಿರು ಕಲೆ ಕಂಡಿತು. ಕಾಫಿ ಕುಡಿಯುತ್ತಿದ್ದ ನಮ್ಮ ಮನೆಯವರಿಗೆ ಹೇಳಿದೆ. "ಅದು ಎ.ಸಿ. ನೀರು ಮಾರಾಯ್ತಿ. ಎಲ್ಲ ಕಾರಲ್ಲೂ ಬೀಳ್ತದೆ" ಎಂದರು, ಪೇಪರಿನಿಂದ ತಲೆ ಎತ್ತದೆ. ಇರಬಹುದು ಎಂದುಕೊಂಡೆ. ನಾಲ್ಕು ದಿನ ಬಿಟ್ಟು ಮತ್ತೆ ಕಂಡಿತು. ಈ ಸಲ ಬೆರಳಿನಿಂದ ಮುಟ್ಟಿ ನೋಡಿದೆ. ನೀರಿನ ಹಾಗಿರಲಿಲ್ಲ. ಎಣ್ಣೆ ನೀರಿಗೆ ಬೆರೆಸಿದಂತೆ ಜಾರುತ್ತಿತ್ತು, ಏನೋ ಸಿಹಿ ಸಿಹಿ ವಾಸನೆ. ಮತ್ತೆ ಹೇಳಿದೆ. ಅವತ್ತು ಮೈದುನ ಬಂದಿದ್ದ. "ಅತ್ತಿಗೆಗೊಂದು ಗ್ಯಾರೇಜು ಹಾಕಿಕೊಡಬೇಕು ಅಣ್ಣಾ" ಎಂದು ನಕ್ಕ. ಇವರೂ ನಕ್ಕರು. ಒಳಗಿನಿಂದ ಅತ್ತೆಯವರೂ ನಕ್ಕದ್ದು ಕೇಳಿಸಿತು. ತಮಾಷೆಯೇ ಸರಿ, ನಾನೂ ನಕ್ಕು ಒಳಗೆ ಹೋಗಿ ದೋಸೆ ಹೊಯ್ದೆ.

ಮತ್ತೊಂದು ವಾರ ಕಳೆಯಿತು. ಆಗ ಕಲೆ ಊಟದ ಬಟ್ಟಲಿನಷ್ಟು ಅಗಲವಾಗಿತ್ತು. ನಾನು ಸೊಂಟದ ಮೇಲೆ ಕೈಯಿಟ್ಟು ಅದನ್ನೇ ನೋಡುತ್ತ ನಿಂತೆ. ಆಮೇಲೆ ಒಲೆಯಿಂದ ಒಂದು ಹಿಡಿ ಬೂದಿ ತಂದು ಅದರ ಮೇಲೆ ಎರಚಿ, ಗುಡಿಸಿ ಹಾಕಿದೆ. ಯಾರಿಗೂ ಹೇಳಲಿಲ್ಲ.

ಏಪ್ರಿಲ್ ಎರಡನೆಯ ವಾರ. ಬೆಳಗ್ಗೆ ಎಂಟು ಗಂಟೆಗೆ ತಮ್ಮನ ಫೋನು. "ಅಕ್ಕಾ, ಅಪ್ಪಯ್ಯ ಬಚ್ಚಲಲ್ಲಿ ಬಿದ್ದರು. ಬಾಯಿ ಒಂದ್ ಕಡೆ ಓರೆ ಆಗಿದೆ. ತೀರ್ಥಹಳ್ಳಿ ಆಸ್ಪತ್ರೆಗೆ ಕರ್ಕೊಂಡು ಹೊರಟಿದೀವಿ. ಮಾತಾಡ್ತಾ ಇದಾರೆ, ಹೆದರಬೇಡ. ನಿನ್ನನ್ನೇ ಕೇಳ್ತಾ ಇದಾರೆ." ಮಾಡಿದ್ದ ತಿಂಡಿ ಹಾಗೆಯೇ ಬಿಟ್ಟು, ಉಟ್ಟ ಸೀರೆಯಲ್ಲೇ ಹೊರಟೆ. ಇವರು ಒಂದು ಮಾತೂ ಆಡದೆ ಕಾರು ತೆಗೆದರು. ಒಂದೂವರೆ ಗಂಟೆಯ ದಾರಿ.

ಹುಂಚ ದಾಟಿ ಕೋಣಂದೂರಿನ ಕಡೆಗೆ ಹೋಗುತ್ತಿದ್ದೆವು. ಬೆಲ್ಲದ ಪಾಕ ತಳ ಹಿಡಿದಂಥ ವಾಸನೆ ಬಂತು. ಎದುರಿನ ಮೀಟರಿನ ಕಡೆ ನೋಡಿದರೆ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿದೆ. "ರೀ, ಮುಳ್ಳು ಮೇಲೆ ಹೋಗಿದೆ" ಎಂದೆ. "ಇನ್ನೆಷ್ಟು ದೂರ? ಹೇಗಾದ್ರೂ ಮಾಡಿ ತಲುಪಿಬಿಡೋಣ" ಎಂದರು. ನಿಲ್ಲಿಸಿ ಎಂದು ನಾನೂ ಹೇಳಲಿಲ್ಲ. ಅಪ್ಪಯ್ಯನನ್ನು ನೋಡುವ ಆತುರ ನನ್ನದು. ಆ ನಿಮಿಷದಲ್ಲಿ ನಾವಿಬ್ಬರೂ ಒಂದೇ ತಪ್ಪು ಮಾಡಿದೆವು.

ಎರಡು ಕಿಲೋಮೀಟರ್ ಹೋಗಿರಬಹುದು. ಎಂಜಿನ್ನು ಕಟ ಕಟ ಎಂದಿತು, ಎಳೆತ ಬಿದ್ದುಹೋಯಿತು, ಬಾನೆಟ್ಟಿನ ಸಂದಿಯಿಂದ ಬಿಳಿ ಹೊಗೆ ಎದ್ದಿತು. ನಿಂತುಬಿಟ್ಟಿತು. ಇವರು ಇಳಿದು ಬಾನೆಟ್ ಎತ್ತಿ, ಟವೆಲ್ಲು ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದರು. ನಾನು ಓಡಿಹೋಗಿ ಕೈ ಹಿಡಿದೆ. "ವಿಷಲ್ ಇಳಿಯದೆ ಕುಕ್ಕರ್ ತೆಗೀತೀರಾ?" ಎಂದು ಕೂಗಿಯೇ ಬಿಟ್ಟೆ. ಅವತ್ತು ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು. ಆ ಮುಚ್ಚಳ ತೆರೆದಿದ್ದರೆ ಕುದಿಯುವ ನೀರು ಮುಖಕ್ಕೆ ಹಾರುತ್ತಿತ್ತು.

ಮೊಬೈಲಿಗೆ ಅಲ್ಲಿ ಸಿಗ್ನಲ್ ಇಲ್ಲ. ಬೈಕಿನಲ್ಲಿ ಬಂದವರೊಬ್ಬರು, ಪಾಪ, ಸಹಾಯ ಮಾಡುವ ಮನಸ್ಸಿನಿಂದಲೇ, ಹಳ್ಳದಿಂದ ಕೊಡದಲ್ಲಿ ತಣ್ಣೀರು ತಂದು ಕಾದ ಎಂಜಿನ್ನಿನ ಮೇಲೆ ಸುರಿದರು. ಟಪ್ ಎಂದು ಏನೋ ಸದ್ದಾಯಿತು. ಬಸ್ಸು ಬಂದದ್ದು ಹನ್ನೊಂದೂವರೆಗೆ. ನಾವು ಆಸ್ಪತ್ರೆ ಮುಟ್ಟಿದಾಗ ಒಂದು ಗಂಟೆ ಹತ್ತಿರ.

ಬಾಗಿಲಲ್ಲೇ ತಮ್ಮ ಸಿಕ್ಕಿದ. ಹನ್ನೊಂದು ಗಂಟೆಯವರೆಗೂ ಅಪ್ಪಯ್ಯ ತೊದಲುತ್ತಲೇ ಮಾತಾಡಿದ್ದರಂತೆ. "ಅವಳು ಬಂದ್ಲಾ? ಕಾರಲ್ಲಿ ಬರ್ತಾಳೋ, ಬಸ್ಸಲ್ಲೋ?" ಎಂದು ಎರಡು ಸಲ ಕೇಳಿದ್ದರಂತೆ. ಆಮೇಲೆ ಇನ್ನೊಮ್ಮೆ ಆಘಾತವಾಯಿತು. ಮಾತು ನಿಂತುಹೋಯಿತು. ಆ ಮಧ್ಯಾಹ್ನವೇ ಮಣಿಪಾಲಕ್ಕೆ ಕರೆದೊಯ್ದರು. ಆಂಬುಲೆನ್ಸಿನಲ್ಲಿ ಅವರ ಕೈ ಹಿಡಿದು ಕೂತು ಆಗುಂಬೆಯ ಹದಿನಾಲ್ಕು ತಿರುವುಗಳನ್ನೂ ಎಣಿಸಿದೆ. ಅಪ್ಪಯ್ಯ ಬದುಕಿದರು. 2019ರವರೆಗೆ ನಮ್ಮ ಜೊತೆ ಇದ್ದರು. ನನ್ನನ್ನು ಕಂಡರೆ ಗುರುತು ಹಿಡಿಯುತ್ತಿದ್ದರು, ಕೈ ಒತ್ತುತ್ತಿದ್ದರು, ಕಣ್ಣಲ್ಲಿ ನೀರು ತರುತ್ತಿದ್ದರು. ಮಾತು ಮಾತ್ರ ಮತ್ತೆ ಬರಲಿಲ್ಲ. ನನ್ನನ್ನು ಕೇಳಿದ್ದೇ ಅವರ ಕೊನೆಯ ಮಾತಾಯಿತು.

ಕಾರನ್ನು ಇನ್ನೊಂದು ಗಾಡಿಗೆ ಕಟ್ಟಿ ಎಳೆದು ಸಾಗರಕ್ಕೆ ಒಯ್ದರು. ಅಲ್ಲೊಬ್ಬ ವಯಸ್ಸಾದ ಮೇಸ್ತ್ರಿ ಇದ್ದಾರೆ, ಇವರಿಗೆ ಗುರುತು. ಮಗಳನ್ನು ಪಿ.ಯು.ಸಿ.ಗೆ ಸಾಗರದಲ್ಲಿ ಸೇರಿಸುವ ವಿಚಾರಕ್ಕೆ ನಾದಿನಿಯ ಮನೆಗೆ ಹೋಗಿದ್ದ ನಾನೂ ಒಂದು ದಿನ ಗ್ಯಾರೇಜಿಗೆ ಹೋದೆ. ಮೇಸ್ತ್ರಿ ಎಂಜಿನ್ನು ಬಿಚ್ಚಿ ಹರಡಿಕೊಂಡಿದ್ದರು. ಕೈಯಲ್ಲಿ ಒಂದು ಕಪ್ಪು ರಬ್ಬರ್ ಪೈಪು ಹಿಡಿದು ತೋರಿಸಿದರು. ರೇಡಿಯೇಟರಿಗೂ ಎಂಜಿನ್ನಿಗೂ ನಡುವೆ ನೀರು ಹೋಗುವ ಪೈಪು, ಬಾಯಿಯ ಹತ್ತಿರ ಸೀಳು ಬಿಟ್ಟಿತ್ತು. "ಮುನ್ನೂರು ರೂಪಾಯಿ ಮಾಲು ಅಮ್ಮಾ ಇದು. ಇದಕ್ಕೆ ಮೂವತ್ತೆಂಟು ಸಾವಿರ ಕೊಡೋ ಹಾಗಾಯ್ತು. ಒಂದೇ ದಿನಕ್ಕೆ ಹೀಗಾಗಲ್ಲ. ತಿಂಗಳಿಂದ ನೆಲಕ್ಕೆ ಹನಿ ಬಿದ್ದಿರಬೇಕು. ಮನೇಲಿ ಯಾರೂ ನೋಡಲಿಲ್ವಾ?" ಎಂದರು.

ನಾನು ನೆಲ ನೋಡಿದೆ. ಇವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವಳು ಎರಡು ಸಲ ಹೇಳಿದ್ದಳು. ನಾನೇ ಕೇಳಲಿಲ್ಲ" ಎಂದರು. ಗಂಡಸರು, ಅದೂ ಪರರ ಎದುರು, ಇಂಥ ಮಾತು ಹೇಳುವುದು ಸುಲಭವಲ್ಲ. ಅವರ ಮೇಲಿದ್ದ ಸಿಟ್ಟು ಅಲ್ಲಿಗೆ ಇಳಿಯಿತು. ಆದರೆ ನನ್ನ ಮೇಲಿನ ಸಿಟ್ಟು ಇಳಿಯಲಿಲ್ಲ. ಎರಡು ಸಲ ಹೇಳಿದ್ದು ನಿಜ. ಮೂರನೆಯ ಸಲ ನೋಡಿಯೂ ಬೂದಿ ಹಾಕಿ ಮುಚ್ಚಿದ್ದು ಯಾರಿಗೂ ಗೊತ್ತಿರಲಿಲ್ಲ. ಇವರಿಗೂ ಹೇಳಿರಲಿಲ್ಲ. ಈ ಬರಹ ಓದಿಯೇ ಅವರಿಗೆ ತಿಳಿಯಬೇಕು.

ಮಗಳ ಕಾಲೇಜಿಗೆಂದು ಇಟ್ಟ ಹಣ ಗ್ಯಾರೇಜಿಗೆ ಹೋಯಿತು. ನನ್ನ ಎರಡು ಬಳೆ ಸೊಸೈಟಿಯಲ್ಲಿ ಅಡವಿಟ್ಟು ಅವಳನ್ನು ಸೇರಿಸಿದೆವು. ಮುಂದಿನ ವರ್ಷ ಅಡಿಕೆ ಮಾರಿ ಬಿಡಿಸಿಕೊಂಡೆವು, ಅದು ದೊಡ್ಡ ಮಾತಲ್ಲ.

ಅವತ್ತು ಆ ಮೇಸ್ತ್ರಿ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಚಹಾ ತರಿಸಿ, ಕೇಳಿದ್ದಕ್ಕೆಲ್ಲ ಬೇಸರವಿಲ್ಲದೆ ಉತ್ತರ ಕೊಟ್ಟರು. ಕೇಳುತ್ತ ಹೋದಂತೆ ನನಗೆ ಆಶ್ಚರ್ಯ. ಇದೆಲ್ಲ ನಮ್ಮ ಅಡುಗೆಮನೆಯ ಮಾತೇ!

ಎಂಜಿನ್ನಿನೊಳಗೆ ಪೆಟ್ರೋಲು ಉರಿಯುವುದರಿಂದ ಭಾರಿ ಬಿಸಿ. ಅದನ್ನು ತಣಿಸಲು ಸುತ್ತಲೂ ಕೂಲೆಂಟ್ ಎಂಬ ದ್ರವ ಓಡಾಡುತ್ತಿರುತ್ತದೆ. ಶುದ್ಧ ಮಾಡಿದ ನೀರಿಗೆ ಗ್ಲೈಕಾಲ್ ಎಂಬ ರಾಸಾಯನಿಕ ಬೆರೆಸಿದ್ದು. ಒಂದು ಪಂಪು ಅದನ್ನು ತಳ್ಳುತ್ತದೆ, ಮುಂದಿನ ರೇಡಿಯೇಟರಿನಲ್ಲಿ ಗಾಳಿಗೆ ಅದು ತಣಿದು ವಾಪಸು ಬರುತ್ತದೆ. ಗಾಳಿ ಸಾಲದಿದ್ದರೆ ಫ್ಯಾನು ತಾನೇ ತಿರುಗುತ್ತದೆ. ಇಡೀ ವ್ಯವಸ್ಥೆ ಮುಚ್ಚಿದ ಕುಕ್ಕರಿನ ಹಾಗೆ. ಒತ್ತಡ ಇರುವುದರಿಂದ ನೂರು ಡಿಗ್ರಿ ದಾಟಿದರೂ ಅದು ಕುದಿಯುವುದಿಲ್ಲ. ಮುಚ್ಚಳ ತೆಗೆದ ಕ್ಷಣ ಒತ್ತಡ ಹೋಗಿ ಭುಗ್ಗೆಂದು ಉಕ್ಕುತ್ತದೆ. ಎಂಜಿನ್ನಿನ ತಲೆಗೂ ಮೈಗೂ ನಡುವೆ ಗ್ಯಾಸ್ಕೆಟ್ ಇರುತ್ತದೆ, ಕುಕ್ಕರಿನ ಮುಚ್ಚಳಕ್ಕಿರುವ ಹಾಗೆಯೇ. ಕೂಲೆಂಟ್ ಸೋರಿಹೋಗಿ ಎಂಜಿನ್ನು ಮಿತಿಮೀರಿ ಕಾದರೆ ಅಲ್ಯೂಮಿನಿಯಮ್ಮಿನ ಆ ತಲೆ, ಖಾಲಿ ಬಾಣಲೆ ಒಲೆಯ ಮೇಲೆ ಮರೆತರೆ ಸೊಟ್ಟಗಾಗುವ ಹಾಗೆ, ಸೊಟ್ಟಗಾಗುತ್ತದೆ. ಗ್ಯಾಸ್ಕೆಟ್ ಸುಟ್ಟು ಕೂಲೆಂಟು ಆಯಿಲಿಗೆ ಸೇರುತ್ತದೆ. ಆಯಿಲ್ ಹಾಕುವ ಬಾಯಿಯ ಮುಚ್ಚಳ ತೆಗೆದು ನೋಡಿದರೆ ಹಾಲು ಜಾಸ್ತಿಯಾದ ಕಾಫಿಯ ಬಣ್ಣದ ನೊರೆ! ನಮ್ಮ ಕಾರಿನದು ಹಾಗೆಯೇ ಆಗಿತ್ತು. ಕಾದದ್ದರ ಮೇಲೆ ತಣ್ಣೀರು ಸುರಿದದ್ದೂ ತಪ್ಪೇ. ಬಿಸಿ ಗಾಜಿನ ಲೋಟಕ್ಕೆ ತಣ್ಣೀರು ಹಾಕಿದರೆ ಏನಾಗುತ್ತದೆಂದು ನಮಗೆ ಯಾರೂ ಕಲಿಸಬೇಕಿಲ್ಲ.

ಅಂದಿನಿಂದ ನನಗೊಂದು ಚಾಳಿ ಹತ್ತಿತು. ಮದುವೆ ಮನೆಯಲ್ಲೋ, ಸತ್ಯನಾರಾಯಣ ಪೂಜೆಯಲ್ಲೋ ಇಂಥದೇ ಚಿಕ್ಕ ಕಾರು ಇಟ್ಟುಕೊಂಡವರು ಸಿಕ್ಕಿದರೆ, "ನಿಮ್ಮ ಗಾಡಿ ಹೇಗಿದೆ?" ಎಂದು ಕೇಳುವುದು. ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರೂ ಕಡೆ ನನಗೆ ನೆಂಟರು. ಕಂಪನಿ ಬೇರೆ ಬೇರೆಯಾದರೂ ದೂರು ಮಾತ್ರ ನಾಲ್ಕೈದೇ. ಮೇಸ್ತ್ರಿಯಿಂದ ತಿಳಿದದ್ದನ್ನೂ ಸೇರಿಸಿ ಲೆಕ್ಕದ ಪುಸ್ತಕದ ಕೊನೆಯ ಹಾಳೆಗಳಲ್ಲಿ ಬರೆದಿಟ್ಟಿದ್ದೇನೆ.

ಸಾಗರದ ನಾದಿನಿಯದು, "ಬೆಳಗ್ಗೆ ಸ್ಟಾರ್ಟೇ ಆಗಲ್ಲ ಅತ್ತಿಗೆ" ಎಂಬ ಗೋಳು. ಮಳೆಗಾಲದಲ್ಲಿ ವಾರಗಟ್ಟಲೆ ಕಾರು ತೆಗೆಯುವುದಿಲ್ಲ, ಬ್ಯಾಟರಿ ಸತ್ತಿರುತ್ತದೆ. ಕೀಲಿ ತಿರುಗಿಸಿದರೆ ಟಿಕ್ ಟಿಕ್ ಎಂದಷ್ಟೇ ಸದ್ದು. ಎರಡು ಮೂರು ದಿನಕ್ಕೊಮ್ಮೆಯಾದರೂ ಅರ್ಧ ಗಂಟೆ ಓಡಿಸಬೇಕು. ಬ್ಯಾಟರಿಯ ತುದಿಗಳಲ್ಲಿ ಬಿಳಿ-ಹಸಿರು ಪುಡಿ ಕೂತಿದ್ದರೂ ಕರೆಂಟು ಹರಿಯದು. ಅದಕ್ಕೆ ನಮ್ಮ ಅಡುಗೆ ಸೋಡಾವೇ ಮದ್ದು. ಮೊದಲು ಮೈನಸ್ ಗುರುತಿನ ವೈರು ಬಿಚ್ಚಿ, ಆಮೇಲೆ ಪ್ಲಸ್ಸಿನದು ಬಿಚ್ಚಿ, ಬಿಸಿನೀರಿನಲ್ಲಿ ಕದಡಿದ ಸೋಡಾದಿಂದ ಹಳೆ ಬ್ರಷ್ಷಿನಲ್ಲಿ ಉಜ್ಜಿ, ಒರೆಸಿ, ಒಣಗಿಸಿ, ಜೋಡಿಸಿದ ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿದರೆ ಸಾಕು. ಜೋಡಿಸುವಾಗ ಪ್ಲಸ್ ಮೊದಲು.

ತೀರ್ಥಹಳ್ಳಿಯ ತಮ್ಮನದು, "ಮಳೆ ಬಂದ್ರೆ ಮಿಸ್ಸಿಂಗ್ ಹೊಡೀತದೆ, ಏರಿಗೆ ಎಳೆಯೋದಿಲ್ಲ" ಎಂಬ ದೂರು. ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯ ನೆರೆಯವರು ನಾವು, ಉಪ್ಪಿನ ಡಬ್ಬಿಯೇ ನೀರಾಗುವಾಗ ಕಾರಿನ ವೈರಿಗೆ ಪಸೆ ಹಿಡಿಯದೆ ಇರುತ್ತದೆಯೇ? ಪೆಟ್ರೋಲಿಗೆ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಸವೆದಿದ್ದರೆ, ಅದರ ಕಾಯಿಲ್ಲಿಗೋ ವೈರಿಗೋ ತೇವ ಹೊಕ್ಕಿದ್ದರೆ, ಒಂದು ಸಿಲಿಂಡರ್ ಕೆಲಸ ಬಿಡುತ್ತದೆ. ಮೂರು ಎತ್ತಿನಲ್ಲಿ ಒಂದು ಮಲಗಿದ ಹಾಗೆ. ಮಳೆಗಾಲಕ್ಕೆ ಮುಂಚೆ, ಹಪ್ಪಳ-ಸಂಡಿಗೆ ಮುಗಿಸಿದ ಮೇಲೆ, ಪ್ಲಗ್ಗು ನೋಡಿಸಿಬಿಡುವುದು ಒಳ್ಳೆಯದು.

ನಮ್ಮ ಪಕ್ಕದ ಮೇಷ್ಟರ ಕಾರು ಕುಡಿಯುವುದು ಜಾಸ್ತಿಯಾಯಿತು, ಎಂದರೆ ಪೆಟ್ರೋಲು! ತೆಗೆದು ನೋಡಿದರೆ ಏರ್ ಫಿಲ್ಟರಿನಲ್ಲಿ ಮಣ್ಣು ರಸ್ತೆಯ ಕೆಂಪು ಧೂಳು ಗಟ್ಟಿಯಾಗಿ ಕೂತಿತ್ತು. ಹಿಟ್ಟು ಮೆತ್ತಿದ ಜರಡಿಯಲ್ಲಿ ಗಾಳಿ ಆಡುವುದುಂಟೇ? ಇನ್ನೂ ಒಂದು ಮಾತು. 2025ರ ಹೊತ್ತಿಗೆ ಬಂಕಿನ ಪೆಟ್ರೋಲಿಗೆ ಶೇಕಡಾ 20ರವರೆಗೆ ಎಥನಾಲ್ ಬೆರೆಸುವುದು ಬಂದಿದೆ. 2023ರ ಏಪ್ರಿಲಿಗಿಂತ ಹಳೆಯ ಕಾರುಗಳಲ್ಲಿ ಎಲ್ಲವೂ ಅದಕ್ಕೆಂದು ಮಾಡಿದವಲ್ಲ. ಮೈಲೇಜು ತುಸು ಇಳಿಯುತ್ತದೆ. ಹಳೆಯ ರಬ್ಬರ್ ಪೈಪುಗಳನ್ನು ಸರ್ವಿಸ್ ಮಾಡಿಸುವಾಗ ಒಮ್ಮೆ ನೋಡಲು ಹೇಳಿ. ಎಥನಾಲ್ ನೀರಿನ ಪಸೆ ಎಳೆದುಕೊಳ್ಳುವ ಸ್ವಭಾವದ್ದು, ಆದ್ದರಿಂದ ತಿಂಗಳುಗಟ್ಟಲೆ ಕಾರು ಹಾಗೇ ನಿಲ್ಲಿಸಬಾರದು.

ಇಲಿಯ ಕಾಟ ನಮ್ಮಲ್ಲಿ ಎಲ್ಲರದೂ. ಅಡಿಕೆ ಸುಲಿದ ಸಿಪ್ಪೆಯ ರಾಶಿಯ ಪಕ್ಕ ಕಾರು ನಿಲ್ಲಿಸಿದರೆ ರಾತ್ರಿ ಇಲಿ ಬೆಚ್ಚಗಿನ ಎಂಜಿನ್ನಿನ ಮೇಲೆ ಮಲಗಲು ಬರುತ್ತದೆ, ಮಲಗಿ ಸುಮ್ಮನಿರದೆ ವೈರು ಕಡಿಯುತ್ತದೆ. ಮೀಟರಿನಲ್ಲಿ ಎಂಜಿನ್ನಿನ ಚಿತ್ರದ ಹಳದಿ ದೀಪ ಹತ್ತಿಕೊಂಡು ಆರದೆ ಇದ್ದರೆ ಒಮ್ಮೆ ಇಲಿಯನ್ನೂ ನೆನಪು ಮಾಡಿಕೊಳ್ಳಿ. ಹೊಗೆಸೊಪ್ಪು ಕಟ್ಟಿಡುವವರುಂಟು. ನಮ್ಮ ಮನೆಯ ಇಲಿಗಳಿಗೆ ಅದು ಒಂದೇ ವಾರದಲ್ಲಿ ರೂಢಿಯಾಯಿತು! ಜಾಗ ಬದಲಿಸಿದ್ದೇ ನಿಜವಾದ ಉಪಾಯ.

ಮಳೆಗಾಲದಲ್ಲಿ ಮೋರಿ ಮೇಲೆ ನೀರು ಹರಿಯುವಾಗ ದಾಟಲು ಹೋಗಿ ನಡುವೆ ನಿಂತ ಕಾರಿನ ಕಥೆಯೂ ಕೇಳಿದ್ದೇನೆ. ಹಾಗೆ ನಿಂತರೆ ಮತ್ತೆ ಕೀಲಿ ತಿರುಗಿಸಲೇಬಾರದು. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಒಳಗೆ ನೀರು ಹೊಕ್ಕ ಎಂಜಿನ್ನನ್ನು ತಿರುಗಿಸಿದರೆ ಒಳಗಿನ ಕಬ್ಬಿಣದ ಸರಳೇ ಬಾಗುತ್ತದೆ. ತಳ್ಳಿ ದಡಕ್ಕೆ ತಂದು ಮೇಸ್ತ್ರಿಯನ್ನು ಕರೆಸಬೇಕು. ಅದಕ್ಕಿಂತ, ಹರಿಯುವ ನೀರಿಗೆ ಇಳಿಯದೆ ಕಾಯುವುದೇ ಜಾಣತನ.

ಹೊಗೆಯ ಬಣ್ಣವನ್ನೂ ನೋಡಲು ಕಲಿತೆ. ಸೌದೆ ಒಲೆ ಊದಿದವಳಿಗೆ ಹೊಗೆಯ ಪರಿಚಯ ಹೊಸದೇ? ಹಿಂದಿನ ಕೊಳವೆಯಿಂದ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಬಂದರೆ ಪೆಟ್ರೋಲು ಹೆಚ್ಚಾಗಿದೆ, ಇಲ್ಲವೇ ಗಾಳಿ ಸಾಲದು. ಚಳಿಯ ಬೆಳಗ್ಗೆ ಸ್ವಲ್ಪ ಬಿಳಿ ಆವಿ ಬಂದು ನಿಂತರೆ ಹೆದರಬೇಡಿ. ಎಂಜಿನ್ನು ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಸೇರುತ್ತಿರಬಹುದು.

ನಾವು ಹೆಂಗಸರು ದಿನಾ ನೋಡಬಹುದಾದದ್ದು ಅಂಗಳದ ಕಲೆ. ಬಣ್ಣವಿಲ್ಲದ, ವಾಸನೆಯಿಲ್ಲದ ಬರಿಯ ನೀರಾದರೆ ಅದು ಎ.ಸಿ.ಯದು, ಚಿಂತೆಯಿಲ್ಲ. ಕಪ್ಪಗೆ, ಕಂದಗೆ ಜಿಡ್ಡಾಗಿದ್ದರೆ ಎಂಜಿನ್ ಆಯಿಲ್. ಹಸಿರೋ, ಕೆಂಪೋ, ನೀಲಿಯೋ ಬಣ್ಣವಿದ್ದು, ಜಾರುತ್ತ, ಸಿಹಿ ವಾಸನೆ ಬಂದರೆ ಬಹುಮಟ್ಟಿಗೆ ಕೂಲೆಂಟ್. ನನ್ನ ಹಾಗೆ ಬೆರಳಿನಿಂದ ಮುಟ್ಟಬೇಡಿ, ಒಂದು ಕಾಗದದಿಂದ ಒತ್ತಿ ನೋಡಿ. ಅದು ವಿಷ. ಸಿಹಿಯಾಗಿರುವುದರಿಂದ ನಾಯಿ, ಬೆಕ್ಕು ನೆಕ್ಕುತ್ತವೆ, ಪ್ರಾಣಕ್ಕೇ ಬರುತ್ತದೆ. ಅಂಬೆಗಾಲಿಡುವ ಮಕ್ಕಳಿರುವ ಮನೆಯಲ್ಲಿ ಕೂಡಲೇ ನೀರು ಹಾಕಿ ತೊಳೆದುಬಿಡಿ.

ದಾರಿಯಲ್ಲಿ ಮುಳ್ಳು ಮೇಲೆ ಹೋದರೆ, ಅಥವಾ ಮುಳ್ಳಿಲ್ಲದ ಹೊಸ ಕಾರುಗಳಲ್ಲಿ ಬಿಸಿಯ ಕೆಂಪು ದೀಪ ಹತ್ತಿದರೆ, ಎ.ಸಿ. ಆರಿಸಿ ಗಾಡಿಯನ್ನು ಬದಿಗೆ ತಂದು ಎಂಜಿನ್ನು ನಿಲ್ಲಿಸಿಬಿಡಿ. ನಿಲ್ಲಿಸಲು ಜಾಗ ಸಿಗುವವರೆಗೆ ಒಳಗಿನ ಹೀಟರ್ ಜೋರಾಗಿ ಹಾಕಿದರೆ ಎಂಜಿನ್ನಿನ ಬಿಸಿ ಸ್ವಲ್ಪ ಅದರಲ್ಲಿ ಹೋಗುತ್ತದೆ. ಪೂರ್ತಿ ತಣಿಯುವವರೆಗೆ ಮುಚ್ಚಳ ಮುಟ್ಟಬೇಡಿ, ತಣ್ಣೀರು ಸುರಿಯಬೇಡಿ. "ಇನ್ನು ಸ್ವಲ್ಪ ದೂರ ತಾನೇ" ಎಂಬ ಮಾತು ಮಾತ್ರ ಆಡಲೇಬೇಡಿ. ಆ ಮಾತಿಗೆ ಎಷ್ಟು ಬೆಲೆ ಎಂದು ನನ್ನನ್ನು ಕೇಳಿ.

2020ರಲ್ಲಿ, ಅಪ್ಪಯ್ಯ ಹೋದ ಮರುವರ್ಷ, ಲಾಕ್‌ಡೌನ್ ಸಡಿಲವಾದ ಮೇಲೆ ನಾನು ಕಾರು ಕಲಿತೆ. "ಈ ವಯಸ್ಸಿನಲ್ಲಿ ಎಂತಕ್ಕೆ?" ಎಂದವರು ನಾಲ್ಕಾರು ಜನ. ಮೊದಲು ಗೇಟಿಗೆ ಗುದ್ದಿದೆ, ಆಮೇಲೆ ಮೈದುನನ ಬೈಕಿಗೆ. ಗ್ಯಾರೇಜು ಹಾಕಿಕೊಡುತ್ತೇನೆ ಎಂದು ನಕ್ಕಿದ್ದವನೇ ನನಗೆ ಗೇರು ಹಾಕಲು ಕಲಿಸಿದ ಎಂಬುದನ್ನೂ ಇಲ್ಲಿ ಹೇಳಬೇಕು.

2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತಲ್ಲ, ಮಳೆ ಇಳಿದ ಮೇಲೆ ಅಮ್ಮನನ್ನೂ ಅತ್ತೆಯವರನ್ನೂ ಕೂರಿಸಿಕೊಂಡು ಸಿಗಂದೂರಿಗೆ ನಾನೇ ಕಾರು ಬಿಟ್ಟುಕೊಂಡು ಹೋದೆ. ಮೊದಲೆಲ್ಲ ಲಾಂಚಿಗಾಗಿ ಸಾಲಿನಲ್ಲಿ ಗಂಟೆಗಟ್ಟಲೆ ಕಾಯುತ್ತಿದ್ದೆವು. ಈಗ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಕೆಲವೇ ನಿಮಿಷಕ್ಕೆ ಮುಗಿದುಹೋಯಿತು. ನಡುವೆ ಅಮ್ಮ ನೀರು ನೋಡುತ್ತ, "ನಿನ್ನ ಅಪ್ಪಯ್ಯ ಇದ್ದಿದ್ರೆ ಎಂಜಿನ್ ಸದ್ದು ಕೇಳ್ತಾ ಕೂರ್ತಿದ್ರು" ಎಂದರು. ನಾನು ಉತ್ತರ ಕೊಡಲಿಲ್ಲ. ನಾನೂ ಅದನ್ನೇ ಕೇಳುತ್ತಿದ್ದೆ.

ಈಗ ನಮ್ಮ ಮನೆಯವರು ಬೆಳಗ್ಗೆ ಕಾಫಿ ಕುಡಿಯುವಾಗ, ಪೇಪರ್ ಕೆಳಗಿಟ್ಟು, "ಅಂಗಳ ಹೇಗಿದೆ?" ಎಂದು ಕೇಳುತ್ತಾರೆ. "ಚೊಕ್ಕಟವಾಗಿದೆ" ಎನ್ನುತ್ತೇನೆ. ಏನಾದರೂ ಕಂಡರೆ ಹೇಳುತ್ತೇನೆ.

ಸೋದರಿಯರೇ, ಮನೆಯಲ್ಲಿ ನಮ್ಮ ಕಣ್ಣಿಗೆ ಮೊದಲು ಬೀಳುವುದು ಬಹಳ. ಕಾರಿನ ಹನಿ ಇರಬಹುದು, ಮಗುವಿನ ಕೆಮ್ಮು ಇರಬಹುದು, ಮನೆಯವರ ಮುಖದ ಸುಸ್ತು ಇರಬಹುದು. ಒಂದು ಸಲ ಹೇಳಿದಾಗ ಕೇಳದೆ ಇರಬಹುದು. ಎರಡನೆಯ ಸಲ ನಗಬಹುದು. ದಯವಿಟ್ಟು ಮೂರನೆಯ ಸಲವೂ ಹೇಳಿ. ಬೂದಿ ಹಾಕಿ ಗುಡಿಸಬೇಡಿ.